ತಮ್ಮನೂ ಕೇಳಲಿಲ್ಲ, ಕಮಿಟಿಯೂ ಕೇಳಲಿಲ್ಲ: ಹೇಳಿದ ಮಾತು ತಳ್ಳಿಹಾಕಿದ ಮೇಲೆ ಕ್ರೈಸ್ತನಾದವನು ಹೇಗಿರಬೇಕು?

ನಂಗಲಿ_ರಸ್ತೆ (ಪ್ರಶ್ನೆ)

ಎಲ್ಲರಿಗೂ ವಂದನೆ. ಮುಳಬಾಗಿಲು ಕಡೆಯವನು. ವಿಷಯ ಎರಡು, ಪ್ರಶ್ನೆ ಒಂದೇ.

ತಮ್ಮನ ಜಮೀನಲ್ಲಿ ಎರಡು ಬೋರ್ ಫೇಲ್. ಈಗ ಕೈಸಾಲ ಮಾಡಿ ಮೂರನೇದು ಕೊರೆಸ್ತಾನಂತೆ, ನೀರು ಬಿದ್ದರೆ ಟೊಮೆಟೊ ಇಡ್ತಾನಂತೆ. ಬೇಡ ಅಂದೆ. "ಸಂಬಳದವನು ನೀನು, ನಿನಗೇನು ಗೊತ್ತು" ಅಂದ. ಇನ್ನೊಂದು, ನಮ್ಮ ದೇವಾಲಯದ (ಚರ್ಚಿನ) ಹೆಂಚು ಇಳಿಸಿ ಆರ್‌ಸಿಸಿ ಹಾಕೋದು ಅಂತ ನಾನೂ ಇರೋ ಕಮಿಟಿ ತೀರ್ಮಾನ ಮಾಡಿದೆ. ಗೋಡೆ ಮಿಷನರಿ ಕಾಲದ ಕಲ್ಲುಗೋಡೆ, ಅಷ್ಟು ತೂಕ ತಡೆಯಲ್ಲ ಅಂದದ್ದಕ್ಕೆ "ನಂಬಿಕೆ ಕಮ್ಮಿ" ಅನ್ನೋ ಮಾತು ಬಂತು.

ಸಿಟ್ಟಿದೆ, ಸುಳ್ಳು ಹೇಳಲ್ಲ. ತಗ್ಗಿಸಿಕೊಳ್ಳಬೇಕು ಅನ್ನೋದೂ ಗೊತ್ತು. ಆದರೆ ತಗ್ಗಿಸಿಕೊಳ್ಳೋದು ಅಂದರೆ ಕೈಯಲ್ಲಿ ಏನು ಮಾಡಬೇಕು? ಸುಮ್ಮನಿರೋದಾ, ಮತ್ತೆ ಹೇಳೋದಾ, ದೂರ ಸರಿಯೋದಾ? "ಪ್ರಾರ್ಥನೆ ಮಾಡಿ ಬ್ರದರ್" ಅಂತ ಒಂದೇ ಸಾಲು ಬರೆಯಬೇಡಿ, ಅದು ನಡೀತಿದೆ. ಬಲ್ಲವರು ಬಿಡಿಸಿ ಬರೆಯಿರಿ.

ಬೇತಮಂಗಲ_ಉಪದೇಶಿ

ಅಪೊಸ್ತಲರ ಕೃತ್ಯಗಳು 21ನೇ ಅಧ್ಯಾಯ, 10ರಿಂದ 16ನೇ ವಚನ ತೆಗೆಯಿರಿ. ನಿಮ್ಮ ಪ್ರಶ್ನೆಗೆ ಇಷ್ಟು ಹತ್ತಿರದ ಭಾಗ ಸತ್ಯವೇದದಲ್ಲಿ ಇನ್ನೊಂದು ಸಿಗೋದು ಕಷ್ಟ. ಕೈಸರೈಯದಲ್ಲಿ ಅಗಬ ಅನ್ನೋ ಪ್ರವಾದಿ ಪೌಲನ ನಡುಕಟ್ಟಿನಿಂದ ತನ್ನ ಕೈಕಾಲು ಕಟ್ಟಿಕೊಂಡು, ಯೆರೂಸಲೇಮಿಗೆ ಹೋದರೆ ನಿನಗೂ ಇದೇ ಗತಿ ಅಂತ ತೋರಿಸಿದ. ಅಲ್ಲಿದ್ದವರೆಲ್ಲ ಹೋಗಬೇಡ ಅಂತ ಬೇಡಿಕೊಂಡರು, ಅತ್ತರು. ಪೌಲ ಒಪ್ಪಲಿಲ್ಲ. 14ನೇ ವಚನದಲ್ಲಿ, ಕರ್ತನ ಚಿತ್ತದಂತಾಗಲಿ ಅಂದು ಅವರು ಸುಮ್ಮನಾದರು. ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೆ ಮುಗೀತವೆ. 16ನೇ ವಚನ ಬಿಟ್ಟುಹೋಗುತ್ತೆ: ಕೈಸರೈಯದ ಶಿಷ್ಯರಲ್ಲಿ ಕೆಲವರು ಪೌಲನ ಜೊತೆಗೇ ಹೊರಟು, ಅವನು ಇಳಿದುಕೊಳ್ಳಬೇಕಾದ ಮ್ನಾಸೋನನ ಮನೆಗೆ ಕರೆದುಕೊಂಡು ಹೋದರು. ಹೋಗಬೇಡ ಅಂತ ಬೇಡಿಕೊಂಡ ಊರಿನವರೇ ದಾರಿಗೆ ಜೊತೆಯಾದರು, ಇಳಿಯೋಕೆ ಮನೆ ನೋಡಿಕೊಟ್ಟರು.

ಅಂದರೆ ಕಾರಣ ಸಮೇತ ಹೇಳೋದು, ಹೇಳಿ ಮಾತು ನಿಲ್ಲಿಸೋದು, ಜೊತೆಗೆ ಹೋಗೋದು. ನಮ್ಮ ಜನಕ್ಕೆ ಮೊದಲನೇದು ಸಲೀಸು. ಎರಡನೇದರಲ್ಲಿ ತಪ್ಪುತ್ತೇವೆ, ಮೂರನೇದು ನೆನಪಿಗೇ ಬರಲ್ಲ.

ತಮ್ಮ "ನಿನಗೇನು ಗೊತ್ತು" ಅಂದ ಕೂಡಲೇ ನಾಲಿಗೆ ತುದಿಗೆ ಬರೋದು ಇನ್ನೊಂದು ಕಾರಣ. ಅದನ್ನು ನುಂಗಿಕೊಳ್ಳಿ. ಕಾರಣ ಮೇಲೆ ಕಾರಣ ಪೇರಿಸಿದಷ್ಟೂ ಅವನ ತಲೆ ಬೋರ್ ಬಿಟ್ಟು ನಿಮ್ಮನ್ನು ಸೋಲಿಸೋ ಕಡೆ ತಿರುಗುತ್ತೆ. ಅವತ್ತು ಹೇಳಬೇಕಾದ್ದು ಇಷ್ಟೇ: "ಸರಿ ಕಣೋ, ಜಮೀನು ನಿಂದು, ತೀರ್ಮಾನ ನಿಂದು. ನನ್ನ ಭಯ ಏನು ಅಂತ ಹೇಳಿದ್ದಾಯ್ತು. ಪಾಯಿಂಟ್ ಯಾರ ಹತ್ರ ನೋಡಿಸ್ತಿದ್ದೀಯ?" ಆ ಕೊನೆಯ ಪ್ರಶ್ನೆ ಬಿಡಬೇಡಿ. ಅದಿಲ್ಲದಿದ್ದರೆ ಮುಂಚಿನ ಎರಡು ಮಾತು ಕೈತೊಳೆದುಕೊಂಡ ಹಾಗೆ ಕೇಳುತ್ತೆ. ದನಿ ಏರಿತ್ತು ಅನ್ನಿಸಿದರೆ ಅದೇ ದಿನ ಸಂಜೆಯೊಳಗೆ ದನಿಗೆ ಮಾತ್ರ ಕ್ಷಮೆ ಕೇಳಿ. "ಕೂಗಾಡಿದ್ದು ತಪ್ಪು, ಆದರೆ ನಾನು ಹೇಳಿದ ವಿಷಯ..." ಅಂತ ಬಾಲ ಅಂಟಿಸಿದರೆ ಅದು ಕ್ಷಮೆ ಆಗಲ್ಲ, ಎರಡನೇ ರೌಂಡ್ ಆಗುತ್ತೆ.

ಆಮೇಲೆ ನಿಜವಾಗಿ ಕೂತು ಅವನ ಲೆಕ್ಕ ಕೇಳಿ. ಕೇಳೋ ಮುಂಚೆ ಉತ್ತರ ಕೊಡೋದು ಮೂರ್ಖತನ ಅಂತ ಜ್ಞಾನೋಕ್ತಿ 18:13 ಹೇಳುತ್ತೆ, ಸಲಹೆ ಕೊಡೋರಿಗೂ ಅದು ಅನ್ವಯ. ಅವನ ಕಡೆಯಿಂದ ನೋಡಿ. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು) ಕೋಲಾರ ಜಿಲ್ಲೆಯ ಕೆರೆಗಳಿಗೆ ಬರ್ತಿದೆ, ತುಂಬಿದ ಕೆರೆ ಹತ್ತಿರದ ಬೋರಲ್ಲಿ ನೀರು ಏರಿದೆ ಅನ್ನೋ ಮಾತು ಅವನ ಕಿವಿಗೆ ಬಿದ್ದಿರುತ್ತೆ. 2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದ್ದು ಅವನು ಮರೆತಿಲ್ಲ. ಎರಡರಲ್ಲೂ ನಿಜ ಇದೆ. ಅವನ ಜಮೀನು ತುಂಬಿದ ಕೆರೆಯಿಂದ ಎಷ್ಟು ದೂರ, ಆ ಜುಲೈ ರೇಟು ಎಷ್ಟು ವಾರ ನಿಂತಿತು ಅನ್ನೋದು ಬೇರೆ ಪ್ರಶ್ನೆ. ಆದರೆ ಆ ಪ್ರಶ್ನೆ ಕೇಳೋ ಹಕ್ಕು ಬರೋದು ಅವನ ಲೆಕ್ಕ ಪೂರ್ತಿ ಕೇಳಿದವನಿಗೆ. ದೀನತೆಯಲ್ಲಿ ಇದೂ ಸೇರಿದೆ: ಅವನಿಗೆ ಗೊತ್ತಿರೋದು ನಿಮಗೆ ಗೊತ್ತಿಲ್ಲದೇ ಇರಬಹುದು.

ಮಾಡಬಾರದ್ದರಲ್ಲಿ ನಮ್ಮ ಸಭೆಗಳಿಗೇ ಅಂಟಿದ ಒಂದು ರೋಗ ಇದೆ. ಕಾಟೇಜ್ ಪ್ರೇಯರಲ್ಲಿ (ಮನೆಗಳಲ್ಲಿ ಸೇರೋ ಪ್ರಾರ್ಥನಾ ಕೂಟದಲ್ಲಿ) "ನಮ್ಮ ತಮ್ಮನಿಗೆ ಒಳ್ಳೇ ಬುದ್ಧಿ ಕೊಡಲಿ ಅಂತ ಪ್ರಾರ್ಥಿಸಿ" ಅಂತ ವಿಷಯ ಇಡೋದು. ಮಾರನೇ ದಿನ ಹಾಲಿನ ಡೈರಿ ಹತ್ತಿರ ಅವನ ಸಾಲದ ಮಾತು. ಹೆಸರಿಗೆ ಪ್ರಾರ್ಥನಾ ವಿಷಯ, ಒಳಗೆ ಚಾಡಿ. ಅವನ ಒಪ್ಪಿಗೆ ಇಲ್ಲದೆ ಹೆಸರು ಎತ್ತಬೇಡಿ. ವಾಟ್ಸಾಪ್ ಸ್ಟೇಟಸಲ್ಲಿ "ಮೂಢನಿಗೆ ತನ್ನ ನಡತೆಯೇ ಸರಿ" ಅನ್ನೋ ಅರ್ಥದ ವಚನ ಹಾಕೋದೂ ಅಷ್ಟೇ, ಯಾರಿಗೆ ಅಂತ ಇಡೀ ಬಂಧುಬಳಗಕ್ಕೆ ಗೊತ್ತಾಗುತ್ತೆ. ಅಮ್ಮನ ಹತ್ತಿರ ಹೇಳಿ, ಅಮ್ಮನಿಂದ ಅಳಿಸಿ ಒತ್ತಡ ಹಾಕಿಸೋದೂ ಬೇಡ.

ನಿಮ್ಮೊಳಗೆ ಏನಾಗ್ತಿದೆ ಅಂತ ನೋಡಿಕೊಳ್ಳೋಕೆ ಇಬ್ಬರನ್ನು ನೆನಪಿಡಿ. ದಾವೀದನ ಮೇಲೆ ದಂಗೆ ಎದ್ದ ಮಗ ಅಬ್ಷಾಲೋಮನಿಗೆ ಅಹೀತೋಫೆಲ ಕೊಟ್ಟ ಆಲೋಚನೆ ನಿಜಕ್ಕೂ ಉಪಯುಕ್ತವಾದದ್ದು ಅಂತ 2 ಸಮುವೇಲ 17:14 ಒಪ್ಪಿಕೊಳ್ಳುತ್ತೆ. ಆದರೂ ಅಬ್ಷಾಲೋಮ ಇನ್ನೊಬ್ಬ ಸಲಹೆಗಾರ ಹೂಷೈಯ ಮಾತು ಹಿಡಿದ. 23ನೇ ವಚನದಲ್ಲಿ ಅಹೀತೋಫೆಲ ಕತ್ತೆಗೆ ತಡಿ ಹಾಕಿಸಿ ಊರಿಗೆ ಹೋಗಿ, ಮನೆ ವ್ಯವಸ್ಥೆ ಮಾಡಿಟ್ಟು, ಉರುಲು ಹಾಕಿಕೊಂಡ. ಅವನ ಮಾತು ನಡೆಯದಿದ್ದರೆ ಅವನೇ ಇಲ್ಲ, ಅಷ್ಟು ಆ ಮಾತಿಗೆ ತನ್ನನ್ನು ಕಟ್ಟಿಕೊಂಡಿದ್ದ. ಇನ್ನೊಬ್ಬ ಯೋನ, ನಿನೆವೆ ಹಾಳಾಗುತ್ತೆ ಅಂತ ಸಾರಿದ ಪ್ರವಾದಿ. ನಿನೆವೆಯ ಮೂಡಣ ಕಡೆ ಗುಡಿಸಲು ಹಾಕಿಕೊಂಡು, ಪಟ್ಟಣಕ್ಕೆ ಏನಾಗುತ್ತೋ ನೋಡೋಣ ಅಂತ ಕೂತ (ಯೋನ 4:5). ಬೋರ್ ಕೊರೆಯೋ ದಿನ "ಎಷ್ಟು ಅಡಿಗೆ ಬಂತು, ನೀರು ಬಂತಾ" ಅಂತ ಫೋನ್ ಮಾಡುವಾಗ ಒಳಗೆ ಯಾವ ಉತ್ತರ ಬೇಕಾಗಿದೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. "ಡ್ರೈ" ಅನ್ನೋ ಉತ್ತರಕ್ಕೆ ಒಂದಿಷ್ಟು ಸಮಾಧಾನ ಆಗೋ ಹಾಗಿದ್ದರೆ ನೀವು ಆ ಗುಡಿಸಲಲ್ಲಿದ್ದೀರಿ.

ಬೂದಿಕೋಟೆ_77

ಇಷ್ಟೆಲ್ಲಾ ಯಾಕೆ? ಮತ್ತಾಯ 10:14. ಮಾತು ಕೇಳದವರ ಮನೆ ಬಿಟ್ಟು ಕಾಲಿನ ಧೂಳು ಝಾಡಿಸಿ ಬಂದುಬಿಡಬೇಕು. ಹೇಳೋದು ನಮ್ಮ ಕೆಲಸ, ಆಮೇಲೆ ಅವರುಂಟು ದೇವರುಂಟು.

ಚಿಂತಾಮಣಿ_ಟೀಚರ್

ಬೂದಿಕೋಟೆಯವರೇ, ಆ ವಚನ ಸುವಾರ್ತೆ ಸಾರೋಕೆ ಹೊರಟ ಹನ್ನೆರಡು ಮಂದಿಗೆ, ದೇವರಾಜ್ಯದ ಸಂದೇಶವನ್ನೇ ಬೇಡ ಅಂದ ಊರುಗಳ ವಿಷಯದಲ್ಲಿ ಹೇಳಿದ್ದು. ಬೋರ್ ಬೇಡ ಅಂತ ಅಣ್ಣ ಹೇಳಿದ ಮಾತು ಸುವಾರ್ತೆ ಅಲ್ಲ. ನಮ್ಮ ಅಭಿಪ್ರಾಯವನ್ನು ದೇವರ ವಾಕ್ಯದ ಪೀಠಕ್ಕೆ ಏರಿಸಿದಾಗಲೇ ಗರ್ವ ಶುರುವಾಗೋದು. ಸಮಾರ್ಯದ ಹಳ್ಳಿಯವರು ಸೇರಿಸಿಕೊಳ್ಳಲಿಲ್ಲ ಅಂತ ಯೇಸುವಿನ ಶಿಷ್ಯರಾದ ಯಾಕೋಬ ಯೋಹಾನರು ಬೆಂಕಿ ಬೀಳಲಿ ಅಂದಾಗ ಗದರಿಸಿಕೊಂಡವರು ಯಾರು ಅಂತ ಲೂಕ 9:54, 55ರಲ್ಲಿ ನೋಡಿ. ಆಮೇಲೆ ಅವರು ಬೇರೆ ಊರಿಗೆ ಹೋದರು, ಅಷ್ಟೇ.

ಪ್ರಶ್ನೆ ಕೇಳಿದವರಿಗೆ: ಯಾವ ಜಾತಿಯ ಮಾತು ತಳ್ಳಿಹೋಗಿದೆ ಅನ್ನೋದನ್ನು ಮೊದಲು ವಿಂಗಡಿಸಿ. ಇಲ್ಲಿ ಕಲಸಿಹೋಗೋದರಿಂದಲೇ ಅರ್ಧ ಜಗಳ.

ಬೆಳೆ, ಸಾಲ, ಮಗಳ ಕೋರ್ಸು, ಮನೆ ಕಟ್ಟೋ ಜಾಗ ಇವೆಲ್ಲ ಒಬ್ಬೊಬ್ಬರು ತಮ್ಮ ಮನಸ್ಸಾಕ್ಷಿಯಂತೆ ತೀರ್ಮಾನಿಸೋ ವಿಷಯ. ಮತ್ತೊಬ್ಬನ ಸೇವಕನ ಬಗ್ಗೆ ತೀರ್ಪು ಕೊಡೋಕೆ ನೀನ್ಯಾರು ಅನ್ನೋ ರೋಮಾಪುರದವರಿಗೆ 14:4 ಇಲ್ಲಿಗೆ ಸೇರುತ್ತೆ. ಒಂದು ಸಲ ಹೇಳಿ ಬಿಡಬೇಕು. ಪಾಪದ ವಿಷಯ ಬೇರೆ. ಮೋಸ, ವ್ಯಭಿಚಾರ, ಹೊಡೆತ ಆದರೆ ಮತ್ತಾಯ 18:15ರಿಂದ 17ರ ಕ್ರಮ ಇದೆ: ಒಬ್ಬನೇ ಹೋಗಿ, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಆಮೇಲೆ ಸಭೆಗೆ. ಈ ಕ್ರಮವನ್ನು ಬೋರಿನ ವಿಷಯಕ್ಕೆ ಬಳಸಿ ಇಬ್ಬರು ಹಿರಿಯರನ್ನು ತಮ್ಮನ ಮನೆಗೆ ಕರೆದೊಯ್ದರೆ ಅವನನ್ನು ಅಪರಾಧಿ ಮಾಡಿದಂತೆ. ಮೂರನೇದು ಪ್ರಾಣಾಪಾಯ. ಯೆಹೆಜ್ಕೇಲ 33ರ ಕಾವಲುಗಾರ ಅಪಾಯ ಕಂಡರೆ ಕೊಂಬೂದಲೇಬೇಕು, ಜನರಿಗೆ ಬೇಸರ ಆಗುತ್ತೆ ಅಂತ ಬಿಡೋ ಹಾಗಿಲ್ಲ. ನಿಮ್ಮ ತಮ್ಮನದು ಮೊದಲನೇ ಜಾತಿ, ದೇವಾಲಯದ ಚಾವಣಿ ಮೂರನೇದು. ಎರಡಕ್ಕೂ ಒಂದೇ ಮದ್ದು ಹುಡುಕಬೇಡಿ.

ಮೊದಲನೇ ಜಾತಿಗೆ ನನಗೆ ಇಷ್ಟವಾದ ವಚನ ಕೊರಿಂಥದವರಿಗೆ 1ನೇ ಪತ್ರಿಕೆಯ 16:12. ಕೊರಿಂಥಕ್ಕೆ ಹೋಗು ಅಂತ ಪೌಲ ಅಪೊಲ್ಲೋಸನನ್ನು ಬಹಳವಾಗಿ ಕೇಳಿಕೊಂಡ. ಅಪೊಲ್ಲೋಸನಿಗೆ ಆಗ ಮನಸ್ಸೇ ಇರಲಿಲ್ಲ. ಪೌಲ ಅದನ್ನು ಪತ್ರದಲ್ಲಿ ಹೇಗೆ ಬರೆದ? ಸಹೋದರನಾದ ಅಪೊಲ್ಲೋಸ, ಈಗ ಬರಲ್ಲ, ಅನುಕೂಲ ಆದಾಗ ಬರ್ತಾನೆ. ಮುಗೀತು. ಅದೇ ಕೊರಿಂಥದಲ್ಲಿ "ನಾನು ಪೌಲನವನು, ನಾನು ಅಪೊಲ್ಲೋಸನವನು" ಅಂತ ಪಂಗಡ ಕಟ್ಟಿಕೊಂಡವರಿದ್ದರು ಅನ್ನೋದನ್ನು ನೆನಪಿಟ್ಟು ಓದಿ. ಒಂದು ಕೊಂಕು ಸಾಲು ಸಾಕಿತ್ತು, ಬೆಂಕಿ ಹತ್ತಿಕೊಳ್ಳೋಕೆ. ಮೂರನೆಯವರ ಮುಂದೆ, ನಮ್ಮ ಮಾತು ಕೇಳದವರ ಬಗ್ಗೆ ಹೇಗೆ ಮಾತಾಡಬೇಕು ಅನ್ನೋದಕ್ಕೆ ಇದು ಅಳತೆ. ನೆಂಟರು "ನಿನ್ನ ತಮ್ಮ ಏನಂತೆ" ಅಂದರೆ: "ಬೋರ್ ಹಾಕಿಸ್ತಿದ್ದಾನೆ, ಅವನು ಯೋಚನೆ ಮಾಡಿದ್ದಾನೆ." ಸಾಕು.

ಇನ್ನೊಂದು ಮಾತು, ಇಲ್ಲಿ ಓದೋ ಹೆಣ್ಣುಮಕ್ಕಳಿಗೆ. ದೀನತೆ ಅನ್ನೋ ಹೆಸರಲ್ಲಿ ಬಾಯಿ ಮುಚ್ಚಿಸೋದು ಮನೆಯಲ್ಲೂ ಸಭೆಯಲ್ಲೂ ಸೊಸೆಯಂದಿರಿಗೇ ಮೊದಲು ಬರುತ್ತೆ. ಗಂಡ ಕುಡಿದು ಹೊಡೀತಾನೆ, ಬಿಡು ಅಂದರೆ ಕೇಳಲ್ಲ ಅನ್ನೋದು ತಳ್ಳಿಹೋದ ಸಲಹೆಯ ಲೆಕ್ಕಕ್ಕೇ ಬರಲ್ಲ. ಅಲ್ಲಿ ತಗ್ಗೋದಲ್ಲ, ಮಹಿಳಾ ಸಹಾಯವಾಣಿ 181ಕ್ಕೋ ತುರ್ತು ನಂಬರ್ 112ಕ್ಕೋ ಫೋನ್ ಮಾಡೋದು.

ಗೌರಿಬಿದನೂರು_ಸೈಟ್

ಚಾವಣಿ ಬಗ್ಗೆ ಮಾತ್ರ ಬರೀತೀನಿ, ಕಟ್ಟಡದ ಕೆಲಸ ನನ್ನದು.

ಮಂಗಳೂರು ಹೆಂಚು ರೀಪು ಸಮೇತ ಚದರ ಮೀಟರಿಗೆ 65 ಕೆ.ಜಿ. ಆಸುಪಾಸು. 5 ಇಂಚಿನ ಕಾಂಕ್ರೀಟ್ ಸ್ಲ್ಯಾಬ್ 300 ಕೆ.ಜಿ. ಮೇಲೆ, ಅದರ ಮೇಲೆ ಇಳಿಜಾರಿನ ಗಾರೆ ಬೇರೆ. ಅಂದರೆ ನಾಲ್ಕೈದು ಪಟ್ಟು. ದೇವಾಲಯದ ಹಾಲ್ ಅಗಲ ಇರೋದರಿಂದ ಬೀಮ್ ಬೇಕೇ ಬೇಕು, ಬೀಮ್ ಕೂರೋ ಕಡೆ ತೂಕವೆಲ್ಲ ಒಂದೊಂದು ಬಿಂದುವಿಗೆ ಬೀಳುತ್ತೆ. ಮಣ್ಣಿನ ಅಥವಾ ಸುಣ್ಣದ ಗಾರೆಯ ಕಲ್ಲುಗೋಡೆ ಹರಡಿದ ತೂಕವನ್ನು ನೂರು ವರ್ಷ ಹೊತ್ತರೂ ಆ ಬಿಂದುಭಾರಕ್ಕೆ ಬಿರುಕು ಬಿಡಬಹುದು. ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗಿ ಗೋಡೆಯ ತಲೆಯ ಹತ್ತಿರ ಅಡ್ಡ ಬಿರುಕು ಬರೋದು ಬೇರೆ ಕಥೆ. ಆದ್ದರಿಂದ ನಿಮ್ಮ ಭಯಕ್ಕೆ ಆಧಾರ ಇದೆ. ಆದರೆ ಗೋಡೆ ನೋಡದೆ ನಾನೂ ತೀರ್ಪು ಕೊಡಲ್ಲ, ನೀವೂ ಕೊಡಬೇಡಿ. "ತಡೆಯಲ್ಲ" ಅಂದದ್ದು ತೀರ್ಪಾಯ್ತು. "ತಡೆಯುತ್ತಾ ಅಂತ ಪರೀಕ್ಷೆ ಮಾಡಿಸೋಣ" ಅಂದಿದ್ದರೆ ಬೇಡ ಅನ್ನೋದು ಅವರಿಗೆ ಕಷ್ಟ ಆಗ್ತಿತ್ತು.

ಈಗ ಮಾಡಬೇಕಾದ್ದು: ಅರ್ಧ ಪುಟದ ಪತ್ರ, ಅಧ್ಯಕ್ಷರಾದ ಸಭಾಪಾಲಕರಿಗೂ ಸೆಕ್ರೆಟರಿಗೂ. ಮೊದಲ ಸಾಲಲ್ಲೇ, ಕಮಿಟಿ ತೀರ್ಮಾನಕ್ಕೆ ಅಡ್ಡಿ ಮಾಡೋ ಉದ್ದೇಶ ಇಲ್ಲ, ದೇವಾಲಯ ಭದ್ರವಾಗಬೇಕು ಅನ್ನೋದು ಎಲ್ಲರ ಆಸೆ ಅಂತ ಬರೆಯಿರಿ. ಆಮೇಲೆ ಮೇಲಿನ ತೂಕದ ಲೆಕ್ಕ ಎರಡು ಸಾಲು. ಆಮೇಲೆ ಒಂದೇ ಬೇಡಿಕೆ: ಹೆಂಚು ಇಳಿಸೋ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರಿಂದ ಬರಹದಲ್ಲಿ ರಿಪೋರ್ಟ್. ಅವರು ಎರಡು ಮೂರು ಕಡೆ ಪಾಯದ ಪಕ್ಕ ಗುಂಡಿ ತೆಗೆಸಿ ಆಳ ಅಗಲ ನೋಡ್ತಾರೆ, ಕಲ್ಲಿನ ಸಂದಿ ಕೆದಕಿ ಗಾರೆ ಯಾವುದು ಅಂತ ನೋಡ್ತಾರೆ. ಗೋಡೆ ಆಗಲ್ಲ ಅಂದರೆ ಗೋಡೆ ಒಳಗೆ ಹೊಸ ಪಿಲ್ಲರ್ ಎಬ್ಬಿಸಿ ತೂಕ ಅದಕ್ಕೇ ಕೊಡಬಹುದು, ಅಥವಾ ಕಬ್ಬಿಣದ ಟ್ರಸ್ ಮೇಲೆ ಹೆಂಚನ್ನೇ ಮತ್ತೆ ಕೂರಿಸಬಹುದು. ಕೊನೆಯಲ್ಲಿ ನಿಮ್ಮ ಕೈಲಾದ್ದು ಬರೆಯಿರಿ. ರಿಪೋರ್ಟ್ ಫೀಸಿನಲ್ಲಿ ಪಾಲು ಕೊಡ್ತೀನಿ ಅಂತಲೋ, ಎಂಜಿನಿಯರನ್ನು ಕರೆತರೋ ಓಡಾಟ ನನ್ನದು ಅಂತಲೋ. "ಈ ಮೊದಲೇ ಎಚ್ಚರಿಸಿದ್ದರೂ" ಅನ್ನೋ ಪದ ಪತ್ರದಲ್ಲಿ ಎಲ್ಲೂ ಬೇಡ.

ಪತ್ರವನ್ನು ಮಿನಿಟ್ಸಿಗೆ ಸೇರಿಸಿ ಅಂತ ಕೇಳಿ. ಆಸ್ತಿ ಡಯಾಸಿಸ್ ಹೆಸರಲ್ಲೋ ಕಾನ್ಫರೆನ್ಸ್ ಹೆಸರಲ್ಲೋ (ಹಲವು ಸಭೆಗಳ ಮೇಲಿನ ಆಡಳಿತ) ಇದ್ದರೆ ಮೇಲಿನವರಿಗೆ ಪ್ರತಿ ಹೋಗಲಿ, ಆದರೆ ಸೆಕ್ರೆಟರಿ ಕೈಯಿಂದ, ಅವರಿಗೆ ತಿಳಿಸಿ. ಬೆನ್ನ ಹಿಂದೆ ಮೇಲಿನವರಿಗೆ ಬರೆದ ಪತ್ರ ಸರಿಯಾದ ಲೆಕ್ಕ ಹೇಳಿದರೂ ಜಗಳದ ಪತ್ರವೇ ಆಗುತ್ತೆ. ಕೆಲಸ ಶುರುವಾಗೋದೇ ಆದರೆ ಜನವರಿಯಿಂದ ಏಪ್ರಿಲ್ ಒಳಗೆ ಇಟ್ಟುಕೊಳ್ಳೋಕೆ ಹೇಳಿ. ನಮ್ಮ ಕಡೆ ಸೆಪ್ಟೆಂಬರ್ ಅಕ್ಟೋಬರಲ್ಲೇ ಜೋರು ಮಳೆ, ಹೆಂಚಿಲ್ಲದ ಮಣ್ಣುಗಾರೆ ಗೋಡೆ ನೆನೆದರೆ ಸ್ಲ್ಯಾಬ್ ಬರೋ ತನಕವೂ ಕಾಯಲ್ಲ.

ರಾಬರ್ಟ್‌ಸನ್‌ಪೇಟೆ_ಆರ್‌ಸಿ

ನಮ್ಮ ಕ್ಯಾಥೊಲಿಕ್ ಪರಂಪರೆಯಿಂದ ಒಂದು ಸೇರಿಸ್ತೀನಿ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠಕ್ಕೆ ಬರೆದ ನಿಯಮದ 3ನೇ ಅಧ್ಯಾಯ ಪೂರ್ತಿ ಇದೇ ವಿಷಯ. ಮುಖ್ಯ ಕೆಲಸ ಬಂದಾಗ ಮಠಾಧಿಪತಿ ಎಲ್ಲರನ್ನೂ ಕರೆಯಬೇಕು, ಕಿರಿಯರನ್ನೂ, ಯಾಕೆಂದರೆ ಒಳ್ಳೆಯದನ್ನು ದೇವರು ಎಷ್ಟೋ ಸಲ ಕಿರಿಯನಿಗೇ ತಿಳಿಸ್ತಾರೆ. ಸಹೋದರರು ತಗ್ಗಿ ಸಲಹೆ ಕೊಡಬೇಕು, ತಮ್ಮ ಅಭಿಪ್ರಾಯವನ್ನು ಹಟದಿಂದ ಸಮರ್ಥಿಸಿಕೊಳ್ಳಬಾರದು. ತೀರ್ಮಾನ ಮಠಾಧಿಪತಿಯದು, ಆದರೆ ಅದಕ್ಕೆ ಅವನು ದೇವರಿಗೆ ಲೆಕ್ಕ ಕೊಡಬೇಕು. ಕೇಳುವವನಿಗೂ ಹೇಳುವವನಿಗೂ ಒಟ್ಟಿಗೇ ಕಟ್ಟು ಹಾಕಿದ್ದಾರೆ. ನಮ್ಮ ಕಮಿಟಿಗಳಲ್ಲಿ ಎರಡನೇ ಭಾಗ ಮಾತ್ರ ಓದಿಸ್ತಾರೆ, ಅದು ಅನ್ಯಾಯ.

ಸುಳ್ಳು ದೀನತೆ ಗುರುತಿಸೋಕೆ ಮಾತಿನಲ್ಲೇ ಸುಳಿವಿದೆ. "ನಮ್ಮ ಮಾತು ಯಾರು ಕೇಳ್ತಾರೆ ಬಿಡಿ", "ನಾವು ಓದಿಲ್ಲದವರು", "ಇನ್ಮೇಲೆ ನಾನು ಬಾಯಿ ಬಿಡಲ್ಲ". ಇದು ಕೆಳಗೆ ಕೂತು ಮೇಲಿನವರನ್ನು ಬೈಯೋದು. ತಗ್ಗಿದವನು ಮುಂದಿನ ಮೀಟಿಂಗಿಗೆ ಹೊತ್ತಿಗೆ ಸರಿಯಾಗಿ ಬರ್ತಾನೆ, ಬೇರೆ ವಿಷಯಕ್ಕೆ ಎಂದಿನಂತೆ ಮಾತಾಡ್ತಾನೆ. ಕೊಯ್ಲಿನ ಹಬ್ಬದ ಹರಾಜಿಗೆ ಬುಟ್ಟಿ ಹೊರೋಕೂ ಬರ್ತಾನೆ.

ನಂಗಲಿ_ರಸ್ತೆ

ಎಲ್ಲರಿಗೂ ಧನ್ಯವಾದ. ಪತ್ರ ಬರೆಯೋದು ಸ್ಪಷ್ಟವಾಯ್ತು. ತಮ್ಮನ ವಿಷಯದಲ್ಲಿ ಎರಡು ಉಳಿದಿವೆ. ಸಾಲಕ್ಕೆ ಜಾಮೀನು ಹಾಕು ಅಂತ ಕೇಳಿದರೆ? ಜೊತೆಗೆ ಹೋಗಬೇಕು ಅಂದಿರಿ, ಹಾಗಾದರೆ ಸೈನೂ ಹಾಕಬೇಕಾ? ಇನ್ನೊಂದು, ನಾನು ಹೇಳಿದಂಗೇ ಆದರೆ ಬಾಯಿ ಕಟ್ಟಿಕೊಂಡೇ ಇರಬೇಕಾ?

ಬೇತಮಂಗಲ_ಉಪದೇಶಿ

ಸೈನ್ ಹಾಕಬೇಕಿಲ್ಲ. ಜಾಮೀನಿನ ವಿಷಯದಲ್ಲಿ ಜ್ಞಾನೋಕ್ತಿ ಬಹಳ ಖಾರ: 6:1ರಿಂದ 5, 11:15, 22:26 ಮತ್ತು 27. ಕೊನೆಯದರಲ್ಲಿ, ತೀರಿಸೋಕೆ ಇಲ್ಲದಿದ್ದರೆ ಮಲಗಿರೋ ಹಾಸಿಗೆಯನ್ನೂ ಎಳೆದುಕೊಂಡು ಹೋಗ್ತಾರೆ ಅನ್ನೋ ಅರ್ಥ ಬರುತ್ತೆ. ಜೊತೆಗೆ ಹೋಗೋದು ಅಂದರೆ ನಿಮ್ಮ ಮನಸ್ಸಾಕ್ಷಿ ಒಪ್ಪದ ಕಾಗದಕ್ಕೆ ಹೆಬ್ಬೆಟ್ಟು ಒತ್ತೋದಲ್ಲ. ಆದರೆ ಅದು ಶಿಕ್ಷೆಯಾಗಿ ಕಾಣಬಾರದು, ಹಾಗಾಗಿ ಕೇಳೋ ಮುಂಚೆಯೇ ಹೇಳಿಬಿಡಿ: "ಜಾಮೀನು ಯಾರಿಗೂ ಹಾಕಲ್ಲ, ನಿನಗೂ ಹಾಕಲ್ಲ. ಕೊರೆಸೋ ದಿನ ರಜೆ ಹಾಕಿ ಬರ್ತೀನಿ, ರಿಗ್ ಹುಡುಗರ ಊಟ ನಮ್ಮನೇದು." ಯಾರಿಗೂ ಹಾಕಲ್ಲ ಅನ್ನೋದು ನಿಜವಾಗಿರಬೇಕು. ಭಾವಮೈದನಿಗೆ ಹಾಕಿ ತಮ್ಮನಿಗೆ ಇಲ್ಲ ಅಂದರೆ ಅವನಿಗೆ ಅರ್ಥ ಆಗುತ್ತೆ.

ಮತ್ತೆ ಹೇಳಬಹುದಾ ಅಂತ ಮೊದಲು ಕೇಳಿದ್ದಿರಿ, ಅದಕ್ಕೆ 2 ಅರಸುಗಳು 5 ನೋಡಿ. ಕುಷ್ಠ ವಾಸಿಯಾಗೋಕೆ ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗು ಅಂದ ಪ್ರವಾದಿ ಎಲೀಷನ ಮಾತಿಗೆ ಸೇನಾಪತಿ ನಾಮಾನ ಸಿಟ್ಟಾಗಿ ಹೊರಟ. ಎಲೀಷ ಹಿಂದೆ ಓಡಲಿಲ್ಲ. ಮತ್ತೆ ಮಾತಾಡಿದವರು ಸೇವಕರು, ಅಪ್ಪಾ ಅಂತ ಕರೆದು: ದೊಡ್ಡ ಕೆಲಸ ಹೇಳಿದ್ದರೆ ಮಾಡ್ತಿದ್ದೆ, ಇದು ಸಣ್ಣದಲ್ಲವಾ. ಆ ಸೇವಕರು ಎಲೀಷ ಹೇಳಿದ್ದೇ ಸರಿ ಅಂತ ವಾದಿಸಲಿಲ್ಲ, ನಾಮಾನನ ಸಿಟ್ಟಿಗೆ ತೀರ್ಪು ಕೊಡಲಿಲ್ಲ, ಹೆಜ್ಜೆಯನ್ನು ಸಣ್ಣದು ಮಾಡಿ ತೋರಿಸಿದರು. ಎರಡನೇ ಸಲ ಹೇಳೋದಾದರೆ ಹೀಗೆ, ಒಂದೇ ಸಲ. ಅದಕ್ಕೂ ಮುಂಚೆ ಒಂದು ವಾರ ಬಿಡಿ, ಅವನೊಬ್ಬನೇ ಇದ್ದಾಗ ಹೋಗಿ, ಹೆಂಡತಿ ಮಕ್ಕಳ ಮುಂದೆ ಬೇಡ. "ಬೋರ್ ಬೇಡ" ಅನ್ನೋದನ್ನು ಬಿಟ್ಟುಬಿಡಿ, ಅದು ಮುಗಿದ ಅಧ್ಯಾಯ. "ತೆಂಗಿನಕಾಯಿ ಹಿಡಿಯೋರ ಜೊತೆಗೆ ಭೂವಿಜ್ಞಾನಿ ಹತ್ರನೂ ಒಂದು ಸಲ ತೋರಿಸೋಣವಾ?" "ನಮ್ಮ ಕಡೆ 1,200, 1,500 ಅಡಿಗೂ ಹೋಗ್ತಾರೆ, ಕೆಳಗೆ ಹೋದಷ್ಟೂ ಅಡಿ ರೇಟು ಏರುತ್ತೆ. ಎಷ್ಟಕ್ಕೆ ನಿಲ್ಲಿಸ್ತೀಯ ಅಂತ ಈಗಲೇ ಬರೆದಿಟ್ಟುಕೋ." ನೀರು ಬರದ ರಾತ್ರಿ ರಿಗ್ ಪಕ್ಕ ನಿಂತು ಇನ್ನೊಂದು ನೂರು ಅಡಿ, ಇನ್ನೊಂದು ನೂರು ಅಡಿ ಅಂತ ಹೋಗೋದರಲ್ಲೇ ಸಾಲ ಬೆಳೆಯೋದು, ಆ ಹೊತ್ತಿಗೆ ಬುದ್ಧಿ ಹೇಳಿದರೆ ಯಾರ ಕಿವಿಗೂ ಬೀಳಲ್ಲ. ಟೊಮೆಟೊ ಇಡೋದೇ ಆದರೆ ಮೊದಲ ಸಲ ಅರ್ಧ ಜಮೀನಿಗೆ. ಇದನ್ನೂ ಬೇಡ ಅಂದರೆ ಅಲ್ಲಿಗೆ ಬಿಡಿ, ಮೂರನೇ ಸಲ ಹೋಗಬೇಡಿ.

ಹೇಳಿದಂಗೇ ಆದರೆ ಏನು ಅನ್ನೋದಕ್ಕೆ ಅಪೊಸ್ತಲರ ಕೃತ್ಯಗಳು 27. ಕೈದಿಯಾಗಿ ಹಡಗಲ್ಲಿ ಹೋಗ್ತಿದ್ದ ಪೌಲ, ಪ್ರಾಯಶ್ಚಿತ್ತ ದಿನದ ಉಪವಾಸ ಮುಗಿದು ಬಿರುಗಾಳಿ ಕಾಲ ಬಂತು, ಸಮುದ್ರಕ್ಕೆ ಇಳಿಯಬೇಡಿ ಅಂತ ಹೇಳಿದ. ಶತಾಧಿಪತಿ ನಾವಿಕನ ಮಾತು, ಹಡಗಿನ ಯಜಮಾನನ ಮಾತು ನಂಬಿದ, ಹೆಚ್ಚು ಜನರ ಅಭಿಪ್ರಾಯವೂ ಹೊರಡೋಣ ಅಂತಲೇ ಇತ್ತು (ಅಲ್ಲೂ ಬಹುಮತ, ನೋಡಿ). ಬಿರುಗಾಳಿ ಹಿಡಿಯಿತು. 21ನೇ ವಚನದಲ್ಲಿ ಪೌಲ, ನನ್ನ ಮಾತು ಕೇಳಬೇಕಾಗಿತ್ತು ಅಂತ ಒಂದೇ ಸಾಲು ಹೇಳ್ತಾನೆ. ಮರುಸಾಲಿನಲ್ಲೇ ಧೈರ್ಯವಾಗಿರಿ, ಪ್ರಾಣ ಯಾರದೂ ಹೋಗಲ್ಲ. ಆ ಒಂದು ಸಾಲು ಮುಂದಿನ ಮಾತು ನಂಬಲಿ ಅಂತ ಹೇಳಿದ್ದು, ಚುಚ್ಚೋಕೆ ಅಲ್ಲ. ಮುಂದೆ 31ನೇ ವಚನದಲ್ಲಿ, ಸಣ್ಣ ದೋಣಿ ಇಳಿಸಿ ಓಡಿಹೋಗೋಕೆ ನೋಡಿದ ಹಡಗಿನವರನ್ನು ಬಿಡಬೇಡಿ ಅಂದಾಗ ಸಿಪಾಯಿಗಳು ಕೇಳಿದರು, ದೋಣಿಯ ಹಗ್ಗ ಕತ್ತರಿಸಿದರು. ಹದಿನಾಲ್ಕನೇ ದಿನ ಎಲ್ಲರಿಗೂ ಊಟ ಮಾಡಿ ಅಂದು ತಾನೇ ರೊಟ್ಟಿ ಮುರಿದ, 276 ಜನ ತಿಂದರು.

ಆದ್ದರಿಂದ ಡ್ರೈ ಆದ ದಿನ ಬಾಯಿ ಬಿಡಬೇಡಿ, ಊಟ ತೆಗೆದುಕೊಂಡು ಹೋಗಿ. ಎರಡು ಮೂರು ದಿನ ಬಿಟ್ಟು ಸಾಲದ ಪಟ್ಟಿ ಮಾಡೋಕೆ ಕೂತುಕೊಳ್ಳಿ: ಯಾರಿಗೆ, ಎಷ್ಟು, ಬಡ್ಡಿ ಎಷ್ಟು. ಮೀಟರ್ ಬಡ್ಡಿ ಇದ್ದರೆ ಅದನ್ನು ಮೊದಲು ತೀರಿಸೋ ದಾರಿ. ಅವನಾಗಿ "ನೀನು ಹೇಳಿದ್ದೆ ಅಣ್ಣ" ಅಂದರೆ "ಆಯ್ತು ಬಿಡು, ಈಗ ಮುಂದಿನದು ನೋಡೋಣ" ಅನ್ನಿ. ಹಳೇದು ನೀವಾಗಿ ಎತ್ತೋದು ಅದೇ ಗುಂಡಿಗೆ ಮತ್ತೆ ಇಳೀತಿದ್ದಾನೆ ಅನ್ನಿಸಿದಾಗ ಮಾತ್ರ, ಒಂದು ಸಾಲು, ಜೊತೆಗೆ ಒಂದು ದಾರಿ.

ಚಿಂತಾಮಣಿ_ಟೀಚರ್

ನೀರು ಬಿದ್ದರೆ? ಅದನ್ನು ಯಾರೂ ಹೇಳಲಿಲ್ಲ. ಬಿದ್ದರೆ ಅವತ್ತೇ ಹೋಗಿ ಸಂತೋಷಪಡಿ. "ನನ್ನ ಅಂದಾಜು ತಪ್ಪಾಯ್ತು, ಒಳ್ಳೇದಾಯ್ತು" ಅಂತ ಅವನ ಹೆಂಡತಿ ಮಕ್ಕಳ ಮುಂದೆಯೇ ಹೇಳಿ. "ಎಷ್ಟು ದಿನ ಇರುತ್ತೋ ನೋಡೋಣ" ಅನ್ನೋ ಮಾತು ಮನೆಯಲ್ಲೇ ಇಟ್ಟು ಹೋಗಿ.

ಪ್ರಾರ್ಥನೆ ಬಗ್ಗೆ ಬರೆಯಬೇಡಿ ಅಂದಿದ್ದಿರಿ, ಆದರೂ ಒಂದು ತಿದ್ದುಪಡಿ. ಇಸ್ರಾಯೇಲ್ಯರು ಅರಸ ಬೇಕು ಅಂತ ಸಮುವೇಲನ ಮಾತು ತಳ್ಳಿಹಾಕಿದ ಮೇಲೆ ಅವನು ಎರಡು ಕೆಲಸ ಮಾಡಿದ. ನಾನು ಯಾರ ಎತ್ತನ್ನು ತೆಗೆದುಕೊಂಡೆ, ಯಾರಿಗೆ ಮೋಸ ಮಾಡಿದೆ ಹೇಳಿ ಅಂತ ತನ್ನ ಲೆಕ್ಕ ಮುಂದಿಟ್ಟ (1 ಸಮುವೇಲ 12:3). ನಿಮಗಾಗಿ ಪ್ರಾರ್ಥಿಸೋದನ್ನು ಬಿಟ್ಟರೆ ಅದು ಯೆಹೋವನಿಗೆ ವಿರುದ್ಧವಾದ ಪಾಪ ಅಂದ (12:23). ತಮ್ಮನಿಗೆ ಬುದ್ಧಿ ಬರಲಿ ಅನ್ನೋದನ್ನು ಒಂದು ತಿಂಗಳು ನಿಲ್ಲಿಸಿ, ಅವನ ಬೆಳೆಗೆ, ಮಕ್ಕಳ ಫೀಸಿಗೆ, ಅವನ ಮಂಡಿನೋವಿಗೆ ಹೆಸರು ಹೇಳಿ ಬೇಡಿಕೊಳ್ಳಿ. ನಿಮ್ಮ ಸಿಟ್ಟಿನ ಮೇಲೂ ಅದರ ಕೆಲಸ ಆಗುತ್ತೆ.

ನಂಗಲಿ_ರಸ್ತೆ

ಸರಿ ಟೀಚರ್. ಸೈಟ್ ಅವರಿಗೆ ಕೊನೇ ಪ್ರಶ್ನೆ: ರಿಪೋರ್ಟ್ ಬೇಡ ಅಂತಲೇ ಕಮಿಟಿ ಮತ್ತೆ ತೀರ್ಮಾನ ಮಾಡಿದರೆ ರಾಜೀನಾಮೆ ಕೊಡಬೇಕಾ?

ಗೌರಿಬಿದನೂರು_ಸೈಟ್

ಕೊಡಬೇಡಿ. ರಾಜೀನಾಮೆ ಕೊಟ್ಟರೆ ಗೋಡೆ ನೋಡೋ ಕಣ್ಣು ಒಂದು ಕಮ್ಮಿ ಆಗುತ್ತೆ. ನಿಮ್ಮ ಮತ ವಿರುದ್ಧ ಅಂತ ಮಿನಿಟ್ಸಲ್ಲಿ ಇರಲಿ, ಎರಡನೇ ಪತ್ರದ ಪ್ರತಿ ಮೇಲಿನವರಿಗೆ ಹೋಗಲಿ, ಸೆಕ್ರೆಟರಿಗೆ ಮುಂಚೆಯೇ ಹೇಳಿ. ಕಟ್ಟಡ ಕಮಿಟಿಯಲ್ಲಿ ಸಣ್ಣ ಕೆಲಸ ಯಾವುದಾದರೂ ಕೇಳಿ ತಗೊಳ್ಳಿ, ಸಿಮೆಂಟ್ ಲೆಕ್ಕ ಇಡೋದಾದರೂ ಸರಿ. ಹೆಂಚು ಇಳಿಸಿದ ದಿನ ಗೋಡೆಯ ತಲೆ ಎಲ್ಲರ ಕಣ್ಣಿಗೂ ಬೀಳುತ್ತೆ, ಮಣ್ಣುಗಾರೆ ಬೆರಳಿಗೆ ಉದುರಿದರೆ ಮೇಸ್ತ್ರಿಯೇ ಕೆಲಸ ನಿಲ್ಲಿಸ್ತಾನೆ. ಅವತ್ತು ನೀವು ಅಲ್ಲಿರಬೇಕು, ಎಂಜಿನಿಯರ್ ಫೋನ್ ನಂಬರ್ ಜೇಬಲ್ಲಿರಬೇಕು. ಅದನ್ನೂ ಮೀರಿ ಸೆಂಟ್ರಿಂಗ್ ಕಟ್ಟಿದರೆ, ಬಿರುಕು ಕಂಡ ಕಡೆಯೆಲ್ಲ ಎರಡೂ ಬದಿಗೆ ಸೇರಿಸಿ ಸಣ್ಣ ಗಾಜಿನ ಚೂರು ಪ್ಲಾಸ್ಟರ್ ಆಫ್ ಪ್ಯಾರಿಸಲ್ಲಿ ಅಂಟಿಸಿ ತಾರೀಕು ಬರೆಸಿ. ಗಾಜು ಒಡೆದರೆ ಗೋಡೆ ಸರಿದಿದೆ ಅಂತ ಅರ್ಥ, ಆಗ ವಾದ ಬೇಡ, ಒಳಗಿರೋ ಜನರನ್ನು ಹೊರಗೆ ಕರೆಯೋದು.